ಅಟ್ಟದ ಹಳೇ ಸಾಮಾನು ಮಾರುವ ಮುಂಚೆ: ಕೊಡಗಿನ ಮನೆಗಳಿಗೆ ಒಂದು ಮಾರ್ಗದರ್ಶಿ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ನಮ್ಮ ಕಾಫಿ ಗೋದಾಮಿನ ಮೂಲೆಯಲ್ಲಿ ಹನ್ನೊಂದು ವರ್ಷ ನಿಂತಿತ್ತು. ಮೇಲೆ ಗೋಣಿಚೀಲ ಹೊದಿಸಿದ್ದೆವು. ಚೀಲದ ಮೇಲೆ ಕೋಳಿಗಳು ಮಲಗುತ್ತಿದ್ದವು. 2008ರಲ್ಲಿ ಮಳೆಗಾಲಕ್ಕೆ ಮುಂಚೆ ಗೋದಾಮು ಖಾಲಿ ಮಾಡುವಾಗ ಅದನ್ನು ಗುಜರಿಯವರಿಗೆ 3,500 ರೂಪಾಯಿಗೆ ಕೊಟ್ಟುಬಿಟ್ಟೆವು. ಟೂಲ್ ಕಿಟ್, ಆರ್‌ಸಿ ಪುಸ್ತಕ, ಒಂದು ಹೊಸ ಕಾರ್ಬುರೇಟರ್, ಎಲ್ಲ ಜೊತೆಗೇ ಹೋಯಿತು. ಅಪ್ಪ ಗೇಟಿನವರೆಗೆ ಹೋಗಿ ನೋಡಿ ಬಂದರು. ಏನೂ ಹೇಳಲಿಲ್ಲ. ಓಡುವ ಸ್ಥಿತಿಯ ರೋಡ್‌ಕಿಂಗ್‌ಗೆ ಈಗ ಲಕ್ಷದ ಮೇಲೆ ಕೇಳುತ್ತಾರೆ. ಆ ಹಣ ಹೋಯಿತಲ್ಲ ಅನ್ನುವುದಕ್ಕಿಂತ, ಏನು ಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೊಟ್ಟೆವಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಕೊಡಗಿನಲ್ಲಿ ಇಂಥ ಮನೆಗಳು ಬಹಳ ಇವೆ. ದೊಡ್ಡ ಮನೆ, ದೊಡ್ಡ ಅಟ್ಟ, ಬಿಸಾಡುವ ಅಭ್ಯಾಸ ಇಲ್ಲದ ಹಿರಿಯರು. ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮೇಲೆ ಒಂದು ದಿನ ಎಲ್ಲ ಒಟ್ಟಿಗೆ ಖಾಲಿ ಮಾಡಬೇಕಾಗುತ್ತದೆ. ಅದೇ ಹೊತ್ತಿಗೆ ಹೋಂಸ್ಟೇ ಅಲಂಕಾರಕ್ಕೆ ಅಂತ, ಸಂಗ್ರಹಕ್ಕೆ ಅಂತ, ಆನ್‌ಲೈನ್‌ನಲ್ಲಿ ಮಾರಲು ಅಂತ ಜನ ಹುಡುಕಿಕೊಂಡು ಬರುತ್ತಿದ್ದಾರೆ. ಅವರಿಗೆ ಬೆಲೆ ಗೊತ್ತು, ನಮಗೆ ಗೊತ್ತಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಅಂತರ ಸ್ವಲ್ಪವಾದರೂ ಕಡಿಮೆಯಾಗಲಿ ಅಂತ.

ಬೆಲೆ ಯಾಕೆ ಏರಿತು

ಮುಖ್ಯ ಕಾರಣ ಸರಳ. ಆ ಸಾಮಾನುಗಳು ಹೊಸದಾಗಿ ತಯಾರಾಗುತ್ತಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕ್ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದೂ 1996ರಲ್ಲೇ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಬಂತು. ಮುಚ್ಚುವ ಸುದ್ದಿ ಹಬ್ಬಿದ ಕೂಡಲೇ ಹಳೇ ಎಚ್‌ಎಂಟಿಗೆ ಜನ ಮುಗಿಬಿದ್ದರು.

ಇನ್ನೊಂದು ಕಾರಣ ವಯಸ್ಸು. ಚಿಕ್ಕಂದಿನಲ್ಲಿ ಈ ಬೈಕುಗಳ ಹಿಂದಿನ ಸೀಟಿನಲ್ಲಿ ಕೂತಿದ್ದ ಹುಡುಗರಿಗೆ ಈಗ 45, 50 ವರ್ಷ. ಕೈಯಲ್ಲಿ ಹಣ ಇದೆ, ಮನಸ್ಸಿನಲ್ಲಿ ಆಸೆ ಇದೆ. ಇನ್ನೂ ಚಿಕ್ಕವರಿಗೆ ರೀಲ್ ಕ್ಯಾಮೆರಾ, 2005ರ ಆಸುಪಾಸಿನ ಸಣ್ಣ ಡಿಜಿಟಲ್ ಕ್ಯಾಮೆರಾ, ಎಲ್‌ಪಿ ರೆಕಾರ್ಡ್ ಬೇಕು. ಜೊತೆಗೆ 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದು ಹೊಸ ವಾಹನಗಳ ಬೆಲೆ ಏರಿತು. ಮುಂದಿನ ವರ್ಷ ಚಿಪ್ ಕೊರತೆಯಿಂದ ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಆಗ ಸೆಕೆಂಡ್ ಹ್ಯಾಂಡ್ ಗಾಡಿಗಳ ಬೆಲೆಯೂ ಏರಿತು.

ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. ಡಬ್ಬದಂಥ ಹಳೇ ಟಿವಿ, ಕಬ್ಬಿಣದ ಬೀರು, ಹಳೇ ಮಿಕ್ಸಿ, ಹೊಲಿಗೆ ಯಂತ್ರ ಇವಕ್ಕೆ ಹೆಚ್ಚಿನಂಶ ಗುಜರಿ ಬೆಲೆಯೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲ ಕೆಲಸ: ಬಾಗಿಲಲ್ಲಿ ನಿಂತು ಮಾರಬೇಡಿ

ಪಿಕಪ್‌ನಲ್ಲಿ ಬಂದವರು "ಅಣ್ಣಾ, ಹಳೇ ಸಾಮಾನು ಏನಾದರೂ ಇದ್ಯಾ?" ಅಂತ ಕೇಳುವುದು ತಪ್ಪಲ್ಲ. ಅದು ಅವರ ಹೊಟ್ಟೆಪಾಡು. ಆದರೆ ಅವರು ಬಂದ ದಿನವೇ ಕೊಡುವ ಅಗತ್ಯ ನಿಮಗಿಲ್ಲ. "ಮನೆಯವರನ್ನು ಕೇಳಬೇಕು, ಮುಂದಿನ ವಾರ ಬನ್ನಿ" ಅನ್ನಿ. ನಿಜವಾಗಿ ಕೊಳ್ಳುವವರು ವಾಪಸ್ ಬರುತ್ತಾರೆ. ಒಂದು ವಸ್ತುವಿಗೆ ಕೇಳದೆಯೇ ಅವರಾಗಿ ಜಾಸ್ತಿ ಬೆಲೆ ಹೇಳಿದರೆ ಇನ್ನೂ ನಿಧಾನ ಮಾಡಿ. ಇನ್ನೊಂದು ತಂತ್ರವೂ ಇದೆ. ಹತ್ತು ಹಿತ್ತಾಳೆ ಪಾತ್ರೆಗಳಿಗೆ ಒಳ್ಳೇ ತೂಕದ ಬೆಲೆ ಕೊಟ್ಟು, "ಈ ಹಳೇ ಗಡಿಯಾರ ಹಾಗೇ ಹಾಕಿಬಿಡಿ" ಅನ್ನುತ್ತಾರೆ. ಅವರು ಬಂದಿದ್ದೇ ಆ ಗಡಿಯಾರಕ್ಕೆ.

ಎರಡನೆಯದು: ಇಳಿಸಿ, ಫೋಟೋ ತೆಗೆದು, ಬರೆದಿಡಿ

ಅಟ್ಟ ಇಳಿಸಲು ಒಳ್ಳೇ ಕಾಲ ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮುಂಚಿನ ದಿನಗಳು. ಬಿಸಿಲಿರುತ್ತದೆ, ಗಾಳಿ ಒಣಗಿರುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಹಳೇ ರೇಡಿಯೋ, ಕ್ಯಾಮೆರಾ ಹೊರಗೆ ತೆಗೆದರೆ ಇದ್ದ ಬೂಷ್ಟಿನ ಜೊತೆ ಹೊಸ ಬೂಷ್ಟೂ ಸೇರುತ್ತದೆ.

ಪ್ರತಿ ವಸ್ತುವಿನದೂ ನಾಲ್ಕು ಫೋಟೋ ಬೇಕು. ಮುಂದೆ, ಹಿಂದೆ, ಅಕ್ಷರ ಅಥವಾ ನಂಬರ್ ಇರುವ ಜಾಗ, ಒಡೆದಿರುವ ಜಾಗ. ಒಂದು ನೋಟ್‌ಬುಕ್‌ನಲ್ಲಿ ಯಾರದು, ಯಾವಾಗ ತಂದಿದ್ದು, ಎಲ್ಲಿಂದ ತಂದಿದ್ದು ಅಂತ ಬರೆಯಿರಿ. ಇದನ್ನು ಮನೆಯ ಹಿರಿಯರ ಜೊತೆ ಕೂತು ಮಾಡಿ. ನಮ್ಮ ಅಜ್ಜಿಯ ಪಕ್ಕ ಫೋನ್ ರೆಕಾರ್ಡರ್ ಇಟ್ಟು ಒಂದು ಮಧ್ಯಾಹ್ನ ಕೂತಿದ್ದೆ. ಮರ್ಫಿ ರೇಡಿಯೋ ಯಾವ ವರ್ಷದ ಕಾಫಿ ದುಡ್ಡಿನಲ್ಲಿ ಬಂತು, ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷಾ ವರ್ಷ ಲೈಸೆನ್ಸ್ ಹಣ ಕಟ್ಟಲು ಯಾರು ನಡೆದು ಹೋಗುತ್ತಿದ್ದರು, ಎಲ್ಲ ಹೇಳಿದರು. ಆ ಲೈಸೆನ್ಸ್ ಪುಸ್ತಕವೇ ಒಂದು ಟ್ರಂಕಿನ ತಳದಲ್ಲಿ ಸಿಕ್ಕಿತು.

ಬಿಲ್, ವಾರಂಟಿ ಕಾರ್ಡ್, ಖಾಲಿ ಡಬ್ಬಿ, ಕೈಪಿಡಿ, ಲೈಸೆನ್ಸ್ ಪುಸ್ತಕ ಇವನ್ನು ಕಸ ಅಂತ ಬಿಸಾಡಲೇಬೇಡಿ. ಡಬ್ಬಿ, ಕಾಗದ ಸಮೇತ ಇರುವ ಗಡಿಯಾರಕ್ಕೂ ಬರೀ ಗಡಿಯಾರಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಮೂರನೆಯದು: ಮಾರಬಾರದ್ದನ್ನು ಬೇರೆ ಇಡಿ

ಬೆಲೆ ನೋಡುವ ಮುಂಚೆ ಇದು ಆಗಬೇಕು. ಕೊಡಗಿನ ಮನೆಗಳಲ್ಲಿ ಈ ಭಾಗ ಬೇರೆ ಊರಿಗಿಂತ ದೊಡ್ಡದು.

ಗೋಡೆ ಮೇಲಿನ ಜಿಂಕೆ ಕೊಂಬು, ಕಾಟಿ (ಕಾಡುಕೋಣ) ತಲೆ, ಹುಲಿ ಚರ್ಮ, ಹುಲಿ ಉಗುರಿನ ಪದಕ, ಆನೆ ದಂತ. ಇವುಗಳ ಮಾರಾಟ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತಾತ ಬೇಟೆಯಾಡಿದ್ದು, ಕಾಯ್ದೆಗಿಂತ ಹಳೆಯದು ಅಂದರೂ ಮಾರುವಂತಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಇದ್ದರೆ ವಾರಸುದಾರರಿಗೆ ಹೋಗಬಹುದು, ಅಷ್ಟೇ. ಪ್ರಮಾಣಪತ್ರ ಇದೆಯಾ ಅಂತ ಮನೆಯ ಕಾಗದಗಳಲ್ಲಿ ಹುಡುಕಿ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕೇಳಿ ಅರಣ್ಯ ಇಲಾಖೆಗೆ ತಿಳಿಸಿ. ಫೋಟೋ ತೆಗೆದು ಮಾರಾಟದ ಗುಂಪುಗಳಲ್ಲಿ ಹಾಕುವುದಂತೂ ಬೇಡವೇ ಬೇಡ.

ಇಲ್ಲಿ ಅನೇಕರು ಎಡವುವ ಒಂದು ವಸ್ತು ಇದೆ: ಹಳೇ ಪೀಚೆಕತ್ತಿ, ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಠಾರಿ. ಬೆಳ್ಳಿ ಕೆಲಸದ ಹಿಡಿ ಅಂತ ಮಾತ್ರ ನೋಡುತ್ತೇವೆ. ಹಲವು ಹಳೇ ಹಿಡಿಗಳಲ್ಲಿ ಆನೆ ದಂತವೂ ಇರುತ್ತದೆ. ದಂತ ಇದ್ದರೆ ಮೇಲಿನ ಕಾನೂನೇ ಅದಕ್ಕೂ.

ಕೋವಿ. ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಸಂಗ್ರಾಹಕರಿಗೆ ಮಾರುವುದಕ್ಕೆ ಅಲ್ಲ. ಒಂಟಿ ನಳಿಗೆಯ ಹಳೇ ತೋಟಾ ಕೋವಿಗೆ ಹೊರಗಿನವರು ಆಸೆ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೋವಿ ಬೇಡ ಅನಿಸಿದರೆ ಜಿಲ್ಲಾಡಳಿತದ ಮೂಲಕವೇ ಹೋಗಬೇಕು.

ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಚಿತ್ರ, ಕೆತ್ತನೆ, ಕರಕುಶಲ ವಸ್ತುಗಳು 1972ರ ಪ್ರಾಚೀನ ವಸ್ತು ಕಾಯ್ದೆಗೆ ಬರುತ್ತವೆ. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ. ಇವನ್ನು ಮಾರುವ ವ್ಯಾಪಾರಕ್ಕೆ ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ಕೊಟ್ಟ ಕೂರ್ಗ್ ಪದಕ ನಿಮ್ಮ ಮನೆಯಲ್ಲಿದ್ದರೆ ಅದು ಈ ಗುಂಪಿಗೆ ಸೇರುತ್ತದೆ. ವಿದೇಶದಿಂದ ಯಾರೋ ಇಮೇಲ್ ಮಾಡಿ "ಕೊರಿಯರ್ ಮಾಡಿ, ಡಾಲರ್ ಕಳಿಸುತ್ತೇವೆ" ಅಂದರೆ ಒಪ್ಪಬೇಡಿ.

ಕೊನೆಯದಾಗಿ ಕುಲದ ಮೂಲಮನೆಯಾದ ಐನ್‌ಮನೆಯ ಸಾಮಾನು. ತೂಗುದೀಪ, ಕಂಚಿನ ಪಾತ್ರೆ, ಕೆತ್ತನೆಯ ಬಾಗಿಲು, ಇವು ಬೀಗದ ಕೈ ಇಟ್ಟುಕೊಂಡವರ ಆಸ್ತಿ ಅಲ್ಲ. ಅವು ಇಡೀ ಒಕ್ಕದವು, ಅಂದರೆ ಕುಲದವು. ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಕೇಳದೆ ಒಂದು ಚೆಂಬೂ ಹೊರಗೆ ಹೋಗಬಾರದು. ಒಂದು ದೀಪ ಹೋಗಿದ್ದಕ್ಕೆ ಎರಡು ಮನೆಗಳ ನಡುವೆ ಮಾತು ನಿಂತಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ದೀಪಕ್ಕೆ ಸಿಕ್ಕ ಹಣ ಯಾರಿಗೂ ನೆಮ್ಮದಿ ಕೊಡಲಿಲ್ಲ.

ನಾಲ್ಕನೆಯದು: ತೊಳೆಯಬೇಡಿ, ಉಜ್ಜಬೇಡಿ, ಬಣ್ಣ ಹೊಡೆಯಬೇಡಿ

ಮಾರುವ ಮುಂಚೆ ಚಂದ ಮಾಡೋಣ ಅಂತ ಅನಿಸುವುದು ಸಹಜ. ಆದರೆ ಹೆಚ್ಚು ನಷ್ಟ ಆಗುವುದು ಇಲ್ಲೇ. ಹಳೇ ನಾಣ್ಯವನ್ನು ಹುಣಸೆಹುಳಿ ಹಾಕಿ ಉಜ್ಜಿದರೆ ಮೇಲಿನ ಪದರ ಹೋಗಿ ಸಂಗ್ರಾಹಕರ ಕಣ್ಣಿಗೆ ಅದು ಹಾಳಾದ ನಾಣ್ಯ. ಬೈಕಿನ ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಿದರೆ ಕಾರ್ಖಾನೆಯ ಬಣ್ಣ, ಗೆರೆ ಎಲ್ಲ ಮುಚ್ಚಿಹೋಗುತ್ತದೆ. ಬೀಟೆ ಮರದ ಕುರ್ಚಿಗೆ ಪಾಲಿಶ್ ಮಾಡಿಸುವ ಮುಂಚೆಯೂ ಯೋಚಿಸಿ. ಒಣ ಬಟ್ಟೆ, ಮೆತ್ತನೆ ಬ್ರಷ್, ಇಷ್ಟು ಸಾಕು.

ಐದನೆಯದು: ಏನಿದು ಅಂತ ತಿಳಿಯಿರಿ

ಎಚ್‌ಎಂಟಿ ಗಡಿಯಾರ

ಮನೆಗೊಂದಾದರೂ ಇರುತ್ತದೆ. ಮದುವೆಗೆ, ನಿವೃತ್ತಿಗೆ, ಮಗ ಎಸ್‌ಎಸ್‌ಎಲ್‌ಸಿ ಪಾಸಾದಾಗ ಕೊಟ್ಟಿದ್ದು. ಜನತಾ, ಪೈಲಟ್, ಕೊಹಿನೂರ್, ಸೋನಾ, ಜವಾನ್, ಕಾಂಚನ್ ಹೀಗೆ ಹೆಸರು ಡಯಲ್ ಮೇಲೇ ಬರೆದಿರುತ್ತದೆ. ಸಾಮಾನ್ಯ ಜನತಾಗೆ ಕೆಲವು ಸಾವಿರ ರೂಪಾಯಿ ಸಿಗಬಹುದು. ಅಪರೂಪದ ಡಯಲ್, ಬಳಸದೆ ಡಬ್ಬಿಯಲ್ಲೇ ಉಳಿದದ್ದು ಆದರೆ ಇನ್ನೂ ಜಾಸ್ತಿ.

ಈ ಬೆಲೆ ಏರಿಕೆಯಿಂದ ನಕಲಿಯೂ ಹುಟ್ಟಿದೆ. ಹಳೇ ಯಂತ್ರಕ್ಕೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ "ಹೊಚ್ಚ ಹೊಸ ಹಳೇ ಸ್ಟಾಕ್" ಅಂತ ಮಾರುತ್ತಾರೆ. ಕಣ್ಣಿಗೆ ಹೊಡೆಯುವ ಗುಲಾಬಿ, ಕಿತ್ತಳೆ, ಗಿಳಿಹಸಿರು ಡಯಲ್ ಕಂಡರೆ ಅನುಮಾನ ಇರಲಿ. ಭೂತಗನ್ನಡಿ ಹಿಡಿದು ಅಕ್ಷರದ ಅಂಚು ನೋಡಿ. ಕಾರ್ಖಾನೆಯ ಅಕ್ಷರ ಚೂಪಾಗಿರುತ್ತದೆ, ನಕಲಿಯದು ಹರಡಿಕೊಂಡಿರುತ್ತದೆ. ಪೈಲಟ್ ಅಂತ ಡಯಲ್ ಮೇಲೆ ಬರೆದಿದ್ದರೆ ಸಾಲದು, ಒಳಗೆ ಕೀಲಿ ಕೊಡುವ 17 ಜ್ಯುವೆಲ್ (ಸವೆತ ತಡೆಯುವ ಸಣ್ಣ ಹರಳು) ಇರುವ ಯಂತ್ರ ಇರಬೇಕು. ಹಿಂದಿನ ಮುಚ್ಚಳವನ್ನು ನೀವೇ ಚಾಕುವಿನಿಂದ ತೆಗೆಯಬೇಡಿ. ಗಡಿಯಾರ ರಿಪೇರಿ ಮಾಡುವವರ ಹತ್ತಿರ ತೆಗೆಸಿ ಒಳಗಿನ ಫೋಟೋ ತೆಗೆದುಕೊಳ್ಳಿ. ವರ್ಷಗಟ್ಟಲೆ ನಿಂತ ಗಡಿಯಾರಕ್ಕೆ ಜೋರಾಗಿ ಕೀಲಿ ಕೊಡಲೂ ಬೇಡಿ. ಒಳಗಿನ ಎಣ್ಣೆ ಒಣಗಿರುತ್ತದೆ.

ಬೈಕು, ಜೀಪು

ಇಲ್ಲಿ ಹಣವೂ ದೊಡ್ಡದು, ತಲೆನೋವೂ ದೊಡ್ಡದು. ಯೆಜ್ಡಿ, ಜಾವಾ, ರಾಜ್‌ದೂತ್ 350, ಆರ್‌ಎಕ್ಸ್ 100, ಮಾರುತಿ ಜಿಪ್ಸಿ, ಹಳೇ ಮಹೀಂದ್ರಾ ಜೀಪು ಇವೆಲ್ಲ ಬೆಲೆ ಏರಿದ ಗಾಡಿಗಳು. ಒಳ್ಳೇ ಸ್ಥಿತಿಯ ಆರ್‌ಎಕ್ಸ್ 100 ಲಕ್ಷ ದಾಟುತ್ತದೆ.

ಜೀಪಿನ ವಿಷಯ ಕೊಡಗಿಗೆ ಹತ್ತಿರದ್ದು. ತೋಟದ ಗೊಬ್ಬರ, ಆಳು, ಕಾಫಿ ಮೂಟೆ ಎಲ್ಲ ಹೊತ್ತಿದ್ದು ಅದೇ. ಈಗ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವುದೂ ಜೀಪೇ. ಹಾಗಾಗಿ ನಿಂತ ಜೀಪಿಗೂ ಗಿರಾಕಿ ಇದ್ದಾರೆ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪ್ ಜೋಡಿಸಲು ಶುರು ಮಾಡಿದವರು. ಆಮೇಲೆ ಬಂದ ಸಿಜೆ 3ಬಿ ಮಾಡೆಲಿನಲ್ಲಿ ಎತ್ತರದ ಹರಿಕೇನ್ ಎಂಜಿನ್ ಕೂರಿಸಲು ಬಾನೆಟ್ ಎತ್ತರ ಮಾಡಿದರು. ಹೈ ಬಾನೆಟ್, ಲೋ ಬಾನೆಟ್ ಅಂತ ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ನಿಮ್ಮದು ಯಾವುದು ಅಂತ ಗೊತ್ತಿರಲಿ. ಎಂಜಿನ್ ಬದಲಾಗಿದೆಯಾ ನೋಡಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿದ್ದು ನಮ್ಮಲ್ಲಿ ಬಹಳ. ಅದು ಆರ್‌ಸಿಯಲ್ಲಿ ದಾಖಲಾಗಿಲ್ಲ ಅಂದರೆ ಮಾರಾಟ ಕಷ್ಟ. ಫೋರ್ ವೀಲ್ ಗೇರ್ ನಿಜವಾಗಿ ಕೆಲಸ ಮಾಡುತ್ತದೆಯಾ ಅನ್ನುವುದನ್ನೂ ಓಡಿಸಿ ನೋಡಬೇಕು. ಲಿವರ್ ಇದ್ದ ಮಾತ್ರಕ್ಕೆ ಆಗುವುದಿಲ್ಲ.

ಬೆಲೆಯ ಅರ್ಧ ಭಾಗ ಕಾಗದದಲ್ಲೇ ಇದೆ ಅಂದರೆ ತಪ್ಪಲ್ಲ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ಆರ್‌ಸಿಗೆ ಹೊಂದಬೇಕು. ಗಾಡಿ ತಾತನ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31. ನಿಯಮದ ಪ್ರಕಾರ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ದಂಡ ಕಟ್ಟಬೇಕಾದೀತು, ಆದರೂ ಮಾಡಿಸಿಯೇ ಮಾರಿ. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿ ಕೇಳಬಹುದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಜಿಲ್ಲೆಯ ಕೆಎ-12 ಗಾಡಿಗಳಿಗೆ ಇದೆಲ್ಲ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ.

50 ವರ್ಷ ದಾಟಿ, ಮೂಲ ರೂಪ ಬದಲಾಗದ ಗಾಡಿಗೆ ಇನ್ನೊಂದು ದಾರಿ ಇದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ ನಂಬರಿನ ನಡುವೆ 'ವಿಎ' ಅಕ್ಷರ ಇರುವ ಬೇರೆ ಸರಣಿ ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಆಮೇಲೆ ಆ ಜೀಪಿನಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ತೋಟದ ಕೆಲಸಕ್ಕೆ ಇನ್ನೂ ಬಳಸುತ್ತಿದ್ದರೆ ಈ ದಾರಿ ನಿಮಗಲ್ಲ.

ವಾಲ್ವ್ ರೇಡಿಯೋ, ಗ್ರಾಮಫೋನ್

ಮರ್ಫಿ, ಫಿಲಿಪ್ಸ್, ಬುಷ್. ಎಷ್ಟೋ ವರ್ಷದಿಂದ ನಿಂತ ರೇಡಿಯೋವನ್ನು "ಹಾಡುತ್ತಾ ನೋಡೋಣ" ಅಂತ ನೇರ ಪ್ಲಗ್‌ಗೆ ಹಾಕಬೇಡಿ. ಒಳಗಿನ ಹಳೇ ಕೆಪಾಸಿಟರ್ ಕೆಟ್ಟಿರುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ರೇಡಿಯೋದ ಬೆಲೆಯೂ ಹೋಯಿತು. ಬೆಂಕಿ, ಶಾಕ್ ಭಯವೂ ಇದೆ. ಹಳೇ ಮೆಕ್ಯಾನಿಕ್‌ಗಳು ಸೀರೀಸ್ ಬಲ್ಬ್ ಹಾಕಿ ನಿಧಾನವಾಗಿ ನೋಡುತ್ತಾರೆ, ಅವರಿಗೇ ಬಿಡಿ. ಹಾಡದಿದ್ದರೂ ಪರವಾಗಿಲ್ಲ. ಗುಬ್ಬಿಗಳು, ಹಿಂದಿನ ರಟ್ಟು, ಸ್ಟೇಷನ್ ಹೆಸರಿನ ಗಾಜು ಒಡೆಯದೆ ಇದ್ದರೆ ಗಿರಾಕಿ ಸಿಗುತ್ತಾರೆ.

ಹಿತ್ತಾಳೆ ಕಹಳೆಯ ಗ್ರಾಮಫೋನ್ ಕೊಳ್ಳುವವರಿಗೆ ಒಂದು ಮಾತು. ಅಂಗಡಿಗಳಲ್ಲಿ ಕಾಣುವ ಹೊಳೆಯುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಈಚೆಗೆ ಜೋಡಿಸಿದ್ದು. ಮನೆಯಲ್ಲೇ ಉಳಿದು ಬಂದದ್ದಕ್ಕೆ ಬೆಲೆ ಇರುವುದು ಅದಕ್ಕೇ.

ಒಂದು ಸುಳ್ಳು ಸುದ್ದಿಯ ಬಗ್ಗೆಯೂ ಹೇಳಬೇಕು. ಹಳೇ ರೇಡಿಯೋ, ಟಿವಿ, ಹೊಲಿಗೆ ಯಂತ್ರದೊಳಗೆ 'ಕೆಂಪು ಪಾದರಸ' ಇದೆ, ಅದಕ್ಕೆ ಕೋಟಿ ಬೆಲೆ ಅಂತ ಆಗಾಗ ಹಬ್ಬುತ್ತದೆ. ಅಂಥದ್ದು ಏನೂ ಇಲ್ಲ. ಅಕ್ಕಿ ಎಳೆಯುವ ತಾಮ್ರದ ಚೆಂಬು ಅನ್ನುವ 'ರೈಸ್ ಪುಲ್ಲಿಂಗ್' ಕೂಡ ಶುದ್ಧ ಮೋಸ. ಇದನ್ನು ನಂಬಿ ರೇಡಿಯೋ ಒಡೆದು ನೋಡಿದವರು ಇದ್ದ ಬೆಲೆಯನ್ನೂ ಕಳೆದುಕೊಂಡರು.

ಕ್ಯಾಮೆರಾ

ಕೊಡಗಿನ ತೇವಕ್ಕೆ ಕ್ಯಾಮೆರಾ ಲೆನ್ಸಿನ ಒಳಗೆ ಬೂಷ್ಟು ಜೇಡರ ಬಲೆಯ ಹಾಗೆ ಹರಡುತ್ತದೆ. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಗೊತ್ತಾಗುತ್ತದೆ. ಬೂಷ್ಟು ಇದ್ದರೆ ಗಿರಾಕಿಗೆ ಹೇಳಿಯೇ ಮಾರಿ. ಅಗ್ಫಾ ಕ್ಲಿಕ್ 3 ತರಹದ ಡಬ್ಬಿ ಕ್ಯಾಮೆರಾ ಬಹಳ ಮನೆಗಳಲ್ಲಿತ್ತು, ಹಾಗಾಗಿ ಬೆಲೆ ಸಾಧಾರಣ. ಯಾಶಿಕಾ ಎಲೆಕ್ಟ್ರೋ 35, ನಿಕಾನ್, ಪೆಂಟಾಕ್ಸ್ ಇದ್ದರೆ ವಿಚಾರಿಸಿ. ಸಣ್ಣ ಡಿಜಿಟಲ್ ಕ್ಯಾಮೆರಾ ಇದ್ದರೆ ಅದರ ಚಾರ್ಜರ್ ಹುಡುಕಿ, ಅದಿಲ್ಲದೆ ಯಾರೂ ಕೊಳ್ಳುವುದಿಲ್ಲ. ಮತ್ತೆ ಕಾರ್ಡಿನಲ್ಲಿರುವ ಫೋಟೋಗಳನ್ನು ಮೊದಲು ಕಾಪಿ ಮಾಡಿಕೊಳ್ಳಿ. ತೀರಿಹೋದವರ ಮುಖ ಅದರಲ್ಲಿ ಮಾತ್ರ ಉಳಿದಿರಬಹುದು.

ನಾಣ್ಯ, ನೋಟು

ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ, ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ ಅಂತ ವಿಡಿಯೋ ಬರುತ್ತವೆ, ಅಲ್ವಾ? ಎಲ್ಲ ಸುಳ್ಳು. ಫೋನ್ ಮಾಡಿದರೆ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಅಂತ ಮುಂಗಡ ಕೀಳುತ್ತಾರೆ. 2021ರಲ್ಲಿ ರಿಸರ್ವ್ ಬ್ಯಾಂಕೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮಾರುವವರು ಹಣ ಕಟ್ಟಬೇಕು ಅಂದ ಕೂಡಲೇ ಅದು ಮೋಸ ಅಂತ ತಿಳಿಯಿರಿ.

ಆರನೆಯದು: ನಿಜವಾದ ಬೆಲೆ ಕಂಡುಹಿಡಿಯುವುದು

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಕಾಣುವುದು ಕೇಳುವ ಬೆಲೆ. ಕೊಟ್ಟ ಬೆಲೆ ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ವರ್ಷಗಟ್ಟಲೆ ಮಾರಾಟವಾಗದೆ ಕೂರಬೇಕಾಗುತ್ತದೆ.

ನಾನು ಮಾಡುವುದು ಹೀಗೆ. ನಿಮ್ಮದೇ ತರಹದ ವಸ್ತುವಿನ ಹತ್ತು ಜಾಹೀರಾತು ಹುಡುಕಿ, ಬೆಲೆ ಮತ್ತು ತಾರೀಖು ಬರೆದಿಡಿ. ಮೂರು ವಾರ ಬಿಟ್ಟು ಮತ್ತೆ ನೋಡಿ. ಕೆಲವು ಹಾಗೇ ಇರುತ್ತವೆ. ಅವು ದುಬಾರಿ. ಬೇಗ ಮಾಯವಾದವುಗಳ ಬೆಲೆ ನಿಜಕ್ಕೆ ಹತ್ತಿರ. ಈಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಸೌಲಭ್ಯ ಇದೆ. ಕ್ಯಾಮೆರಾ, ಗಡಿಯಾರಗಳಿಗೆ ಅದು ಒಳ್ಳೇ ಅಂದಾಜು ಕೊಡುತ್ತದೆ. ಆದರೆ ಡಾಲರ್ ಬೆಲೆಯನ್ನು ಹಾಗೇ ರೂಪಾಯಿಗೆ ತಿರುಗಿಸಿ ಕೇಳಬೇಡಿ, ಇಲ್ಲಿನ ಗಿರಾಕಿ ಅಷ್ಟು ಕೊಡುವುದಿಲ್ಲ.

ಬೆಂಗಳೂರಿಗೆ ಹೋದಾಗ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಸುತ್ತಿ ಬನ್ನಿ. ಏನೂ ಕೊಳ್ಳಬೇಡಿ, ಸುಮ್ನೆ ಬೆಲೆ ಕೇಳಿ. ಯೆಜ್ಡಿ, ಜಾವಾ ಇದ್ದರೆ ಜುಲೈ ತಿಂಗಳ ಎರಡನೇ ಭಾನುವಾರ ನೆನಪಿರಲಿ. ಅವತ್ತು ಜಾವಾ-ಯೆಜ್ಡಿ ದಿನ ಅಂತ ಸವಾರರು ಊರೂರಲ್ಲಿ ಸೇರುತ್ತಾರೆ. ನಿಮ್ಮ ಗಾಡಿಯ ಫೋಟೋ ತೋರಿಸಿದರೆ ಹತ್ತು ನಿಮಿಷದಲ್ಲಿ ಅದರ ಜಾತಕ ಹೇಳುವವರು ಅಲ್ಲಿ ಸಿಗುತ್ತಾರೆ. ಒಬ್ಬರ ಮಾತು ನಂಬಬೇಡಿ, ಮೂವರನ್ನು ಕೇಳಿ. ಅದರಲ್ಲಿ ಒಬ್ಬರಾದರೂ ಕೊಳ್ಳುವ ಆಸೆ ಇಲ್ಲದವರಾಗಿರಲಿ.

ಹಿತ್ತಾಳೆ, ಕಂಚಿಗೆ ತೂಕದ ಬೆಲೆ ಕನಿಷ್ಠ ಅಂತ ಇಟ್ಟುಕೊಳ್ಳಿ. ಮನೆಯಲ್ಲೇ ತೂಗಿ, ಪೇಟೆಯ ದರ ಕೇಳಿ. ಕೆತ್ತನೆ, ಹೆಸರು, ವರ್ಷ ಇದ್ದರೆ ಅದರ ಮೇಲೆ.

ಏಳನೆಯದು: ಮಾರುವಾಗ

ಆನ್‌ಲೈನ್‌ನಲ್ಲಿ ಹಾಕಿದ ಅರ್ಧ ಗಂಟೆಯಲ್ಲಿ ಒಂದು ಫೋನ್ ಬರಬಹುದು. "ನಾನು ಸೈನ್ಯದಲ್ಲಿದ್ದೇನೆ, ಡ್ಯೂಟಿಯಲ್ಲಿದ್ದೇನೆ, ನೋಡಲು ಬರಲಾಗುವುದಿಲ್ಲ, ಈಗಲೇ ಪೂರ್ತಿ ಹಣ ಕಳಿಸುತ್ತೇನೆ." ವಾಟ್ಸಾಪ್‌ನಲ್ಲಿ ಗುರುತಿನ ಚೀಟಿಯೂ ಬರುತ್ತದೆ. ಆಮೇಲೆ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ನಮ್ಮದು. ಸೈನಿಕ ಅಂದರೆ ಮನೆಯ ಹುಡುಗ ಅನ್ನುವ ನಂಬಿಕೆ ನಮಗೆ. ಆ ನಂಬಿಕೆಯನ್ನೇ ಕಳ್ಳರು ಬಳಸುತ್ತಾರೆ ಅನ್ನುವುದು ನನಗೆ ತುಂಬಾ ಸಿಟ್ಟು ಬರಿಸುವ ಸಂಗತಿ. ಹಣ ಪಡೆಯಲು ಪಿನ್ ಹಾಕುವ ಅಗತ್ಯ ಯಾವತ್ತೂ ಇಲ್ಲ. ಮನೆಯಲ್ಲಿ ಹಿರಿಯರ ಫೋನಿನಲ್ಲಿ ಯುಪಿಐ ಇದ್ದರೆ ಈ ಒಂದು ಮಾತನ್ನು ಅವರಿಗೆ ಇವತ್ತೇ ಹೇಳಿ. ಮೋಸ ಆಗಿಯೇ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗಿರಾಕಿ ಮನೆಗೇ ಬಂದರೆ ವಸ್ತುವನ್ನು ಜಗಲಿಯಲ್ಲಿ ತೋರಿಸಿ. ಅಟ್ಟಕ್ಕೆ, ಒಳಕೋಣೆಗೆ ಕರೆದುಕೊಂಡು ಹೋಗಬೇಡಿ. ಒಂದು ಚೀಟಿಯಲ್ಲಿ ವಸ್ತು, ನಂಬರ್, ಬೆಲೆ, ತಾರೀಖು ಬರೆದು ಇಬ್ಬರೂ ಸಹಿ ಮಾಡಿ. ದೋಷ ಇದ್ದರೆ ಅದನ್ನೂ ಬರೆಯಿರಿ. ಪಾರ್ಸೆಲ್ ಕಳಿಸುವುದಾದರೆ ಮಳೆಗಾಲ ಬೇಡ. ಕಳಿಸಲೇಬೇಕು ಅಂದರೆ ಎರಡು ಪದರ ಪ್ಲಾಸ್ಟಿಕ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ತೆರಿಗೆ ಬಗ್ಗೆ ಬಹಳ ಜನ ಕೇಳುತ್ತಾರೆ. ಸ್ವಂತ ಬಳಕೆಗೆ ಇದ್ದ ಗಡಿಯಾರ, ರೇಡಿಯೋ, ಬೈಕು, ಪೀಠೋಪಕರಣ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಡವೆ, ಚಿತ್ರಕಲೆ, ಶಿಲ್ಪ, ಪುರಾತನ ಸಂಗ್ರಹ ಇವಕ್ಕೆ ಇದೆ. ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡರೆ ಅದು ವ್ಯಾಪಾರ, ಲೆಕ್ಕ ಬೇರೆ.

ಈ ಬೆಲೆ ನೋಡಿ ಕೊಳ್ಳಲು ಹೊರಟ ಹುಡುಗರಿಗೂ ಒಂದು ವಿನಂತಿ. ಸಾಲ ಮಾಡಿ ಆರ್‌ಎಕ್ಸ್ 100 ಕೊಂಡು ಎರಡು ವರ್ಷದಲ್ಲಿ ದುಪ್ಪಟ್ಟಾಗುತ್ತದೆ ಅಂತ ಲೆಕ್ಕ ಹಾಕಬೇಡಿ. ಏರಿದ್ದು ಇಳಿಯಬಹುದು, ಬಿಡಿಭಾಗ ಸಿಗದೆ ಗಾಡಿ ನಿಲ್ಲಬಹುದು. ಓಡಿಸುವ ಪ್ರೀತಿ ಇದ್ದರೆ ಮಾತ್ರ ಕೊಳ್ಳಿ.

ಎಂಟನೆಯದು: ಗಾಡಿ ಗೇಟು ದಾಟಿದ ಮೇಲೆ

ಗಾಡಿಯ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಮರೆತುಬಿಡುವವರೇ ಜಾಸ್ತಿ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ಆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಂಡವರ ಆಧಾರ್ ಪ್ರತಿ, ಫೋನ್ ನಂಬರ್, ಗಾಡಿಯ ಜೊತೆ ನಿಂತ ಫೋಟೋ ಇಟ್ಟುಕೊಳ್ಳಿ. ಸಾಧ್ಯವಾದರೆ ಹಣದಲ್ಲಿ ಒಂದಿಷ್ಟು ಭಾಗವನ್ನು ಹೆಸರು ಬದಲಾದ ಮೇಲೆ ತೆಗೆದುಕೊಳ್ಳುವ ಹಾಗೆ ಮೊದಲೇ ಮಾತಾಡಿ. ತಿಂಗಳಾದ ಮೇಲೆ ಸರ್ಕಾರದ ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಅಲ್ಲಿ ನಿಮ್ಮದೇ ಹೆಸರು ಕಾಣುತ್ತಿದ್ದರೆ ಅವತ್ತೇ ಕೊಂಡವರಿಗೆ ಫೋನ್ ಮಾಡಿ.